ಮೂರು ಬುತ್ತಿ, ಒಂದೇ ಗಾಡಿ

ಬಿಯರ್ ಕುಡಿಯಲು ಹೋಗುವ ಪ್ರವಾಸವನ್ನು ಇಷ್ಟು ಸಪ್ಪೆ ಮೋರೆ ಹಾಕಿಕೊಂಡು ಯೋಜಿಸಿದವರು ನಮ್ಮನ್ನು ಬಿಟ್ಟರೆ ಬೇರೆ ಯಾರೂ ಇರಲಿಕ್ಕಿಲ್ಲ. ನಾರಾಯಣಗೂಡದ ನನ್ನ ಬಾಡಿಗೆ ಮನೆಯ ಹಾಲಿನಲ್ಲಿ, ಐವತ್ತು ದಾಟಿದ ಮೂವರು ಗಂಡಸರು ಬಾಗಿಲು ಮುಂದೆ ಮಾಡಿಕೊಂಡು, ಕದ್ದ ಮಾಲು ಹಂಚಿಕೊಳ್ಳುವವರ ಹಾಗೆ ತಗ್ಗಿದ ದನಿಯಲ್ಲಿ ಮಾತಾಡುತ್ತ ಕೂತಿದ್ದೆವು. ಮೇಲಿನ ಮನೆಯ ಅಡುಗೆಮನೆಯಿಂದ ರೊಟ್ಟಿ ಬಡಿಯುವ ಸದ್ದು ಇಳಿದು ಬರುತ್ತಿತ್ತು. ಆ ಸದ್ದು ನಿಂತಾಗಲೆಲ್ಲ ನಾವೂ ಮಾತು ನಿಲ್ಲಿಸುತ್ತಿದ್ದೆವು. ಅದು ಮತ್ತೆ ಶುರುವಾದ ಮೇಲೆ ನಾವೂ ಶುರು.

ಮೇಲೆ ರೊಟ್ಟಿ ಬಡಿಯುತ್ತಿದ್ದವನು ನಮ್ಮ ನಾಲ್ಕನೆಯವನು. ಅವನನ್ನು ಬಿಟ್ಟು ಹೋಗುವುದು ಹೇಗೆ ಎಂಬುದೇ ಅಂದಿನ ಸಭೆಯ ವಿಷಯ.

ನಮ್ಮ ಗುಂಪಿನಲ್ಲಿ ಯಾರೂ ಯಾರನ್ನೂ ಹೆಸರು ಹಿಡಿದು ಕರೆಯುವುದಿಲ್ಲ. ಬಾಲಾನಗರದ ವಿಮಾನದ ಉಪಕರಣಗಳ ಕಾರ್ಖಾನೆಗೆ ಕರ್ನಾಟಕದ ಬೇರೆ ಬೇರೆ ಮೂಲೆಗಳಿಂದ ಬಂದು ಸೇರಿದವರು ನಾವು. ಮೊದಲ ದಿನ ಕ್ಯಾಂಟೀನಿನ ಸಾಲಿನಲ್ಲಿ ಕನ್ನಡ ಕಿವಿಗೆ ಬಿದ್ದು, "ಯಾವೂರು?" ಎಂದು ಕೇಳಿಕೊಂಡೆವು. ಅಲ್ಲಿಂದ ಇವತ್ತಿನ ತನಕ ಊರುಗಳೇ ನಮ್ಮ ಹೆಸರು. ನಾನು ಗದಗ. ಲೆಕ್ಕಪತ್ರ ವಿಭಾಗದವನು ಬಳ್ಳಾರಿ. ಹೆಂಡತಿ ತೆಲುಗಿನವಳಾದ್ದರಿಂದ ಅವನ ಕನ್ನಡದಲ್ಲಿ ಅರ್ಧ ತೆಲುಗು. ಸ್ಟೋರ್ಸ್ ನೋಡಿಕೊಳ್ಳುವವರು ಮೈಸೂರು. ಅವರಿಗೆ ಮಾತ್ರ ನಾವು ಬಹುವಚನ ಕೊಡುತ್ತೇವೆ, ಅವರೂ ನಮಗೆ ಕೊಡುತ್ತಾರೆ, ಅವರ ಕಡೆಯ ಮರ್ಯಾದೆ ಹಾಗೆ. ಮೇಲಿನ ಮನೆಯವನು ಬಿಜಾಪುರ. ಟೂಲ್ ರೂಮಿನಲ್ಲಿ ಕೆಲಸ. ನನಗೂ ಅವನಿಗೂ ಏಕವಚನವೇ, ಅದೂ ಬೈಗುಳ ಬೆರೆತದ್ದು.

ಬಿಜಾಪುರ ಕುಡಿಯುವುದನ್ನು ಬಿಟ್ಟು ಎರಡು ವರ್ಷವಾಗಿತ್ತು. ಲಿವರ್ ಕೆಟ್ಟು ಆಸ್ಪತ್ರೆಯಲ್ಲಿ ಮಲಗಿ ಎದ್ದು ಬಂದ ಮೇಲೆ ಒಂದು ಹನಿ ಮುಟ್ಟಿರಲಿಲ್ಲ. ಆದರೆ ಸಂಜೆ ಕಾರ್ಖಾನೆಯಿಂದ ಬಂದು ಊಟಕ್ಕೆ ಕೂರುವ ತನಕದ ಹೊತ್ತು ಇದೆಯಲ್ಲ, ಅದು ಅವನಿಗೆ ಸರಿಯುತ್ತಲೇ ಇರಲಿಲ್ಲವಂತೆ. ಕೈಗಳನ್ನು ಎಲ್ಲಿಡಬೇಕೆಂದು ತಿಳಿಯುತ್ತಿರಲಿಲ್ಲ ಎಂದು ಅವನೇ ಒಮ್ಮೆ ಹೇಳಿದ್ದ. ಶಾಲೆಯಲ್ಲಿ ಪಾಠ ಹೇಳಿ ದಣಿದು ಬರುವ ಹೆಂಡತಿಯ ಹತ್ತಿರ ಜೋಳದ ರೊಟ್ಟಿ ಬಡಿಯುವುದನ್ನು ಕಲಿತ. ಶುರುವಿನಲ್ಲಿ ಅವನ ರೊಟ್ಟಿಗಳು ಜಿಲ್ಲೆಗಳ ನಕಾಶೆಯ ಹಾಗಿದ್ದವು. ಆಮೇಲಾಮೇಲೆ ದುಂಡಗಾದವು, ತೆಳ್ಳಗಾದವು, ಕೊನೆಗೆ ಮುರಿದರೆ ಟಪ್ಪೆನ್ನುವ ಖಡಕ್ ರೊಟ್ಟಿಗೂ ಕೈ ಹತ್ತಿತು. ದಿನಾ ಸಂಜೆ ಅವನ ಮನೆಗೆ ಬೇಕಾದ್ದಕ್ಕಿಂತ ಜಾಸ್ತಿ ರೊಟ್ಟಿ. ಉಳಿದದ್ದು ನಮ್ಮ ಹೊಟ್ಟೆಗೆ.

ಹಾಗಾಗಿ ಬುತ್ತಿ ಕಟ್ಟುವ ಪದ್ಧತಿಯೂ ಮರಳಿ ಬಂತು. ನಮ್ಮ ಕಡೆ ಮೊದಲು ಊರಿಗೆ ಹೊರಟವರನ್ನು ಬರಿಗೈಯಲ್ಲಿ ಕಳಿಸುತ್ತಿರಲಿಲ್ಲ. ರೊಟ್ಟಿ, ಶೇಂಗಾ ಹಿಂಡಿ, ಗುರೆಳ್ಳು ಚಟ್ನಿ, ಒಂದು ಉಳ್ಳಾಗಡ್ಡಿ, ಎಲ್ಲ ಅರಿವೆಯಲ್ಲಿ ಗಂಟು ಕಟ್ಟಿ ಕೊಡುತ್ತಿದ್ದರು. ಹೈದರಾಬಾದಿಗೆ ಬಂದ ಮೇಲೆ ನಮ್ಮ ನಮ್ಮ ಮನೆಗಳಲ್ಲಿ ಅದು ನಿಂತೇ ಹೋಗಿತ್ತು. ಬಿಜಾಪುರ ಮತ್ತೆ ಶುರು ಮಾಡಿದ. ನಮ್ಮಲ್ಲಿ ಯಾರೇ ಊರು ಬಿಡಲಿ, ಹಿಂದಿನ ಸಂಜೆ ಅವನ ಗಂಟು ಬಂದೇ ಬರುತ್ತಿತ್ತು. ಅವನಿಗೆ ಹೇಳದೆ ಊರು ಬಿಡುವುದು ಎಂದರೆ ಬುತ್ತಿಯಿಲ್ಲದೆ ಊರು ಬಿಡುವುದು. ಇದನ್ನು ನೆನಪಿಡಿ, ನಮ್ಮ ಮರ್ಯಾದೆ ಹೋದದ್ದು ಇದರಿಂದಲೇ.

ಇನ್ನು ಪ್ರವಾಸದ ಮಾತು. ವಿಶಾಖಪಟ್ಟಣದಲ್ಲಿ ಸಮುದ್ರಕ್ಕೆ ಮುಖ ಮಾಡಿದ ಎರಡು ಮೂರು ಕಡೆ ತಾವೇ ಬಿಯರ್ ತಯಾರಿಸಿ ಕೊಡುತ್ತಾರೆ ಎಂದು ಮೈಸೂರು ಯಾವುದೋ ವಿಡಿಯೊದಲ್ಲಿ ನೋಡಿದ್ದರು. ಒಂದು ಹಲಗೆಯ ಮೇಲೆ ಸಾಲಾಗಿ ಸಣ್ಣ ಸಣ್ಣ ಗ್ಲಾಸು, ಒಂದೊಂದರಲ್ಲಿ ಒಂದೊಂದು ಬಗೆ. ಗುಟುಕು ಗುಟುಕಾಗಿ ರುಚಿ ನೋಡಿ, ಹಿಡಿಸಿದ್ದನ್ನು ದೊಡ್ಡ ಗ್ಲಾಸಿನಲ್ಲಿ ತರಿಸಿಕೊಳ್ಳುವುದು. ಹೈದರಾಬಾದಿನಲ್ಲಿ ಇಂಥ ಜಾಗಗಳು ಇಲ್ಲವೆಂದಲ್ಲ, ಬೇಕಾದಷ್ಟಿವೆ. ಆದರೆ ಅಲ್ಲಿ ಪಕ್ಕದ ಮೇಜಿಗೆ ನಮ್ಮ ಮಕ್ಕಳೋ, ನಮ್ಮ ಮಕ್ಕಳ ಗೆಳೆಯರೋ ಕೂತಿರುತ್ತಾರೆ. ಅವರು "ನಮಸ್ತೆ ಅಂಕಲ್" ಎಂದರೆ ಬಾಯೊಳಗಿನ ಗುಟುಕನ್ನು ನುಂಗಬೇಕೋ ಉಗುಳಬೇಕೋ? ಅದಕ್ಕಾಗಿ ಸಮುದ್ರ.

ಯೋಜನೆಯ ಕೆಲಸ ನನ್ನ ಪಾಲಿಗೆ ಬಂತು. ನಾನು ತಪಾಸಣೆ ವಿಭಾಗದವನು. ಒಂದು ಉಪಕರಣದ ಡಬ್ಬಿ ಕೈಗೆ ಬಂದರೆ ಅದು ಎಲ್ಲೆಲ್ಲಿ ಕೆಡಬಹುದು ಎಂದು ಯೋಚಿಸುವುದಕ್ಕೆ ನನಗೆ ಸಂಬಳ. ಮನೆಯಲ್ಲಿ ಅದೇ ಕೆಲಸವನ್ನು ಪುಕ್ಕಟೆ ಮಾಡುತ್ತೇನೆ. ಬಿಯರ್ ಬಗ್ಗೆ ಓದಲು ಕೂತೆ. ಮೊಳಕೆ ಬರಿಸಿ ಹುರಿದ ಜವೆಗೋದಿ, ಹಾಪ್ಸ್ ಎಂಬ ಕಹಿ ಹೂವು, ಹುದುಗು, ನೀರು. ಮೊದಲು ಹಗುರವಾದ ಗೋದಿ ಬಿಯರ್, ಆಮೇಲೆ ಕಹಿಯದು, ಕೊನೆಗೆ ಕಾಫಿ ಡಿಕಾಕ್ಷನ್ನಿನಂಥ ಕರಿದು. ಈ ಕ್ರಮ ತಪ್ಪಿದರೆ ನಾಲಿಗೆ ಕೆಟ್ಟು ಮುಂದಿನ ರುಚಿ ತಿಳಿಯುವುದಿಲ್ಲವಂತೆ. ನಡುನಡುವೆ ನೀರು ಕುಡಿಯಬೇಕು. ಇಷ್ಟನ್ನು ತಿಳಿದುಕೊಂಡ ಮೇಲೆ ಸಂತೋಷಪಡುವುದು ಬಿಟ್ಟು, ಸಕ್ಕರೆ ಕಾಯಿಲೆಯ ಗುಳಿಗೆ ಯಾವಾಗ ನುಂಗಬೇಕು, ಚಂಡಮಾರುತ ಬಂದರೆ ಗಾಡಿ ಓಡುತ್ತದೋ ಇಲ್ಲವೋ, ಮೆಟ್ಟಿಲಿನಲ್ಲಿ ಮೈಸೂರಿನವರ ಮಂಡಿ ಕೈಕೊಟ್ಟರೆ ಹಿಡಿಯುವವರು ಯಾರು ಎಂದು ಚಿಂತಿಸಲು ಶುರು ಮಾಡಿದೆ. ಸಿಕಂದರಾಬಾದಿನಲ್ಲಿ ನೂಕುನುಗ್ಗಲು ಎಂದು ಹೆದರಿ ಬೇಗಂಪೇಟೆಯಿಂದಲೇ ಬೆಳಗಿನ ಗಾಡಿ ಹತ್ತುವುದೆಂದು ಮಾಡಿದವನೂ ನಾನೇ.

ಇವೆಲ್ಲ ಚಿಂತೆಗಳ ತಳದಲ್ಲಿ ಇನ್ನೊಂದಿತ್ತು. ಈ ಪ್ರವಾಸ ಮೂಲದಲ್ಲಿ ಬಿಜಾಪುರದವನದು. ಹಿಂದೆ ಶನಿವಾರಗಳಲ್ಲಿ ನಾವು ಮಾಳಿಗೆಯ ಮೇಲೆ ಕೂರುತ್ತಿದ್ದ ಕಾಲದಲ್ಲಿ, ನೀರಿನ ಟ್ಯಾಂಕಿಗೆ ಮುಖ ಮಾಡಿ ಕೂತು ಅವನು ಮತ್ತೆ ಮತ್ತೆ ಹೇಳುತ್ತಿದ್ದ: "ಒಂದ ಸಲ ಸಮುದ್ರದ ದಂಡ್ಯಾಗ ಕುಂತು ಕುಡೀಬೇಕಲೇ. ಈ ಟ್ಯಾಂಕಿ ನೋಡ್ಕೋತ ಎಷ್ಟ ವರ್ಷ ಕುಡಿಯೂದು?" ಆ ಮಾತನ್ನು ನಾವು ಮೂವರೂ ಮರೆತಿರಲಿಲ್ಲ. ಸಭೆಯಲ್ಲಿ ಯಾರೂ ಅದನ್ನು ಬಾಯಿಬಿಟ್ಟು ಆಡಲೂ ಇಲ್ಲ.

"ಹೇಳಿದ್ರೆ ಅವರಿಗೆ ನೋವು, ಹೇಳದಿದ್ರೆ ನಮಗೆ ನೋವು," ಎಂದರು ಮೈಸೂರು. "ನಮ್ ನೋವನ್ನ ನಾವು ಹೇಗೋ ತಡ್ಕೋಬಹುದು ಕಣ್ರೀ. ಅವರಿಗ್ಯಾಕೆ?"

"ಕರ್ಕೊಂಡು ಹೋಗಿ ಎದುರಿಗೆ ಕೂರಿಸ್ಕೊಂಡು, ನೀನು ಮಜ್ಜಿಗೆ ಕುಡಿ ಅಂತ ಹೇಳಾಕಾಗ್ತದೇನಪ್ಪಾ?" ಎಂದ ಬಳ್ಳಾರಿ. "ಅದು ಪಾಪಂ ಕದಾ."

"ಅಕಸ್ಮಾತ್ ಅವ ಒಂದು ಗುಟುಕು ಕುಡದ ಅಂದ್ರ?" ಎಂದೆ ನಾನು. "ಹೊಣಿ ಯಾರು?"

ಹೊಣೆ ಎಂಬ ಮಾತು ಬಂದ ಮೇಲೆ ಎಲ್ಲ ತೀರ್ಮಾನವಾದಂತೆಯೇ. ಯಾರೂ ಅವನಿಗೆ ಏನೂ ಹೇಳಬಾರದು, ಊರು ಬಿಡುವ ಸುದ್ದಿಯನ್ನೇ ಎತ್ತಬಾರದು ಎಂದು ಗೊತ್ತು ಮಾಡಿ ಎದ್ದೆವು. ಏಳುವ ಮೊದಲು ಮೂವರೂ ಅವನು ಹಿಂದಿನ ಸಂಜೆ ಕಳಿಸಿದ್ದ ರೊಟ್ಟಿಯನ್ನು ಮುರಿದುಕೊಂಡು ತಿಂದೆವು. ತಿನ್ನುವಾಗ ಯಾರೂ ಯಾರ ಮುಖವನ್ನೂ ನೋಡಲಿಲ್ಲ.

ಒಂದೆರಡು ದಿನ ಕಳೆದಿರಬೇಕು, ಮೆಟ್ಟಿಲ ಮೇಲೆ ಅವನೇ ಎದುರಾದ. ಗಿರಣಿಯಲ್ಲಿ ಜೋಳದ ಹಿಟ್ಟು ಬೀಸಿಸಿಕೊಂಡು ಬರುತ್ತಿದ್ದ, ಹುಬ್ಬಿನ ಮೇಲೆಲ್ಲ ಹಿಟ್ಟು.

"ಏನಲೇ ಗದಗ, ಮಾರಿ ಯಾಕ ಹಂಗ ಮಾಡೀದಿ? ಊರಿಗಿ ಹೊಂಟೀಯೇನು?"

ಪ್ರವಾಸದ ಮುಂಚೆ ನನ್ನ ಮುಖ ಆಪರೇಷನ್ನಿಗೆ ಹೊರಟವನಂತಾಗುವುದು ಅವನಿಗೆ ಗೊತ್ತು. ಇಲ್ಲ ಎನ್ನಬೇಕಿತ್ತು. ಆದರೆ ನನ್ನಂಥವರಿಗೆ ಸುಳ್ಳು ಹೇಳುವಾಗಲೂ ಭದ್ರತೆ ಬೇಕು, ಅರ್ಧ ನಿಜ ಬೆರೆಸಿದ್ದಾದರೆ ಸಿಕ್ಕಿಬೀಳುವುದಿಲ್ಲ ಎಂಬ ಲೆಕ್ಕ.

"ಹೂಂ, ವೈಜಾಗಕ್ಕ. ಇನ್ಸ್‌ಪೆಕ್ಷನ್ ಐತಿ. ಶುಕ್ರವಾರ ಮುಂಜಾನೆ ಗಾಡಿಗೆ."

"ಬುತ್ತಿ?"

"ಬ್ಯಾಡ ಬಿಡೋ. ಅಲ್ಲೆ ಕ್ಯಾಂಟೀನ್ ಇರ್ತೈತಿ."

"ಕ್ಯಾಂಟೀನಿನ ಅನ್ನ ತಿಂದು, ತೂಕಡಿಸಿಕೋತ ಮಾಲು ಪಾಸ್ ಮಾಡ್ತೀಯೇನು? ದೇಶದ ಗತಿ ಏನಾಗಬೇಕಲೇ? ಗುರುವಾರ ಸಂಜೀಕ ತಂದು ಕೊಡ್ತೀನಿ." ಹಿಟ್ಟಿನ ಚೀಲವನ್ನು ಹೆಗಲು ಬದಲಿಸಿ ಎರಡು ಮೆಟ್ಟಿಲು ಹತ್ತಿದವನು ತಿರುಗಿ, "ಚಟ್ನಿ ಖಾರ ಇರಲೋ ಸಪ್ಪಗಿರಲೋ?" ಎಂದ.

"ಖಾರ ಇರಲಿ," ಎಂದೆ. ಬೇಡ ಎಂದವನು ನಾನೇ, ಖಾರ ಇರಲಿ ಎಂದವನೂ ನಾನೇ.

ಈ ಸಂಗತಿಯನ್ನು ಉಳಿದಿಬ್ಬರಿಗೆ ಹೇಳಲಿಲ್ಲ. ಒಪ್ಪಂದ ಮುರಿದೆ ಎಂದು ಬೈಯುತ್ತಾರೆ ಎಂಬ ಹೆದರಿಕೆ. ಹೆಂಡತಿಗೆ ಪ್ರವಾಸದ ಬಗ್ಗೆ ಎಲ್ಲ ಗೊತ್ತಿತ್ತು. ಹೋಗಿ ಬನ್ನಿ, ಎರಡು ದಿನ ಮನೆ ತಣ್ಣಗಿರುತ್ತದೆ ಎಂದಿದ್ದಳು. ಮೇಲಿನ ಮನೆಯವರಿಗೆ ಹೇಳಿದಿರಾ ಎಂದು ಕೇಳಿದ್ದಳು. ಹೇಳಿದ್ದೇನೆ ಎಂದಿದ್ದೆ. ಅದೂ ಅರ್ಧ ನಿಜ.

ಗುರುವಾರ ಸಂಜೆ ಅವನು ಗಂಟು ಹಿಡಿದು ಬಂದ. ಹಳೆಯ ಪಂಚೆಯ ತುಂಡಿನಲ್ಲಿ ಬಿಗಿಯಾಗಿ ಕಟ್ಟಿದ ಬುತ್ತಿ. ಯಾವಾಗಲೂ ಚಹಾ ಕುಡಿದು, ನನ್ನ ಚಪ್ಪಲಿಯಿಂದ ಹಿಡಿದು ತೆಲಂಗಾಣದ ರಾಜಕಾರಣದ ತನಕ ಎಲ್ಲವನ್ನೂ ಆಡಿಕೊಂಡು ಹೋಗುವವನು ಅಂದು ಕೂರಲಿಲ್ಲ. "ಹುಷಾರಾಗಿ ಹೋಗಿ ಬಾ," ಎಂದಷ್ಟೇ ಹೇಳಿ ಮೆಟ್ಟಿಲು ಹತ್ತಿದ. ಕೂರಲಿಲ್ಲವಲ್ಲ ಎಂದು ನನಗೆ ಬೇಸರವಾಗಬೇಕಿತ್ತು. ಉಸಿರು ಬಿಟ್ಟೆ.

ಚೀಲಕ್ಕೆ ಹಾಕುವ ಮುಂಚೆ ಹೆಂಡತಿ ಗಂಟು ಬಿಚ್ಚಿ ನೋಡಿದಳು. ರೊಟ್ಟಿ, ಹಿಂಡಿ, ಚಟ್ನಿ, ಉಳ್ಳಾಗಡ್ಡಿ. ಅವುಗಳ ಕೆಳಗೆ ಬೇರೆಯಾಗಿ ಕಟ್ಟಿದ್ದ ಒಂದು ಪೊಟ್ಟಣ. ಅದನ್ನು ಬಿಡಿಸಿದ ಕೂಡಲೇ ವಾಸನೆ ಮೂಗಿಗೆ ಬಡಿಯಿತು. ಜಜ್ಜಿದ ಬೆಳ್ಳುಳ್ಳಿ, ಕೆಂಪು ಖಾರ, ಕರಿಬೇವು ಹಾಕಿ ಹುರಿದ ಶೇಂಗಾ.

"ಅಯ್ಯ, ಇದು ನಿಮ್ಮ ಮಾಳಗಿ ಮ್ಯಾಲಿನ ಶೇಂಗಾ ಅಲ್ಲೇನ್ರಿ?" ಎಂದಳು. "ಇನ್ಸ್‌ಪೆಕ್ಷನ್ ಅಂತ ಹೇಳಿದ್ರಂತಲ್ಲ. ಮುಂಜಾನೆ ಅವರ ಮನಿಯವರು ಅಂದ್ರು. ನೀವ ಏನೋ ನೆವಾ ಹೇಳಿದ್ದಿರಬೇಕು ಅಂತ ನಾ ಸುಮ್ಮನಾದೆ. ಇನ್ಸ್‌ಪೆಕ್ಷನ್ನಿಗಿ ಇದು ಯಾಕ್ರಿ?"

ಆ ಶೇಂಗಾ ನಮ್ಮ ಶನಿವಾರಗಳದು. ಅವನೇ ಹುರಿದು ತರುತ್ತಿದ್ದ, ಬಿಸಿ ಇರುವಾಗಲೇ ಲಿಂಬೆ ಹಿಂಡುತ್ತಿದ್ದ. ಗ್ಲಾಸಿನ ಜೊತೆಗಲ್ಲದೆ ಬೇರೆ ಹೊತ್ತಿನಲ್ಲಿ ಅದನ್ನು ಯಾರೂ ತಿಂದದ್ದಿಲ್ಲ. ಕುಡಿತ ಬಿಟ್ಟ ದಿನದಿಂದ ಅವನು ಅದನ್ನು ಮಾಡಿರಲೂ ಇಲ್ಲ.

ಬಳ್ಳಾರಿಗೆ ಫೋನ್ ಮಾಡಿದೆ.

"ನಿಂಗೂ ಬಂತಾ?" ಎಂದ, ಹಲೋ ಕೂಡ ಹೇಳದೆ.

"ಏನು?"

"ಶೇಂಗಾ. ಗುರೂ, ಬಯ್ಯಬೇಡ. ನಾನು ರಾಜಮಂಡ್ರಿಯಲ್ಲಿ ನಮ್ಮ ನಾದಿನಿ ಮಗಳು ದೊಡ್ಡೋಳಾದ್ಲು, ಹಾಫ್ ಸಾರಿ ಫಂಕ್ಷನ್ ಐತೆ ಅಂತ ಹೇಳಿದ್ದೆ. ಏಂ ಚೇಯನಪ್ಪಾ, ಖಡಕ್ ರೊಟ್ಟಿ ಇಲ್ದೆ ಅಷ್ಟು ದೂರ ಹೋಗೋದು ಹೆಂಗೆ ಅನ್ನಿಸ್ತು. ಬುತ್ತಿ ಜೊತೆ ಆ ಹುಡುಗಿಗೆ ಅಂತ ಒಂದು ಖಣಾನೂ ಕಳ್ಸ್ಯಾನೆ. ಇಲ್ಲದ ಹುಡುಗಿಗೆ ಖಣ!"

ಮೈಸೂರಿನವರಿಗೆ ಫೋನ್ ಮಾಡುವ ಅಗತ್ಯವೇ ಇರಲಿಲ್ಲ, ಅವರೇ ಮಾಡಿದರು. ವಿಶಾಖಪಟ್ಟಣದ ಬಳಿಯ ಸಿಂಹಾಚಲ ಬೆಟ್ಟದ ದೇವರಿಗೆ ಹರಕೆ ಇದೆ ಎಂದು ಹೇಳಿಬಿಟ್ಟಿದ್ದರಂತೆ. ಅವರ ಗಂಟಿನಲ್ಲಿ ದೇವರಿಗೆ ಒಡೆಸಲು ಒಂದು ತೆಂಗಿನಕಾಯಿ, ಊದಿನಕಡ್ಡಿ, ಕೆಳಗೆ ಶೇಂಗಾ. "ಸಾರ್, ಅವರಿಗೆ ಗೊತ್ತಾಗ್ಬಿಟ್ಟಿದೆ ಸಾರ್," ಎಂದರು, ಯಾರೋ ಹೋಗಿಬಿಟ್ಟ ಸುದ್ದಿ ಹೇಳುವ ದನಿಯಲ್ಲಿ. ಹೆದರಿಕೆಯಾದಾಗ ಮಾತ್ರ ಅವರು ನನ್ನನ್ನು ಸಾರ್ ಎನ್ನುತ್ತಾರೆ.

ಒಂದೇ ಬೆಳಗಿನ ಒಂದೇ ಗಾಡಿಗೆ ಮೂರು ಬುತ್ತಿ. ಪರಸ್ಪರ ಗೊತ್ತಿಲ್ಲದ ಮೂರು ಕಾರಣ. ಒಂದು ಕಥೆಯನ್ನಾದರೂ ಕೂಡಿ ಕಟ್ಟಿಕೊಂಡಿದ್ದರೆ ಬಚಾವಾಗುತ್ತಿದ್ದೆವೋ ಏನೋ. ಏನೂ ಹೇಳಬಾರದು ಎಂದು ಒಪ್ಪಂದ ಮಾಡಿಕೊಂಡವರಿಗೆ ಸುಳ್ಳನ್ನು ಹೊಂದಿಸಿಕೊಳ್ಳುವ ಯೋಗವೂ ಇಲ್ಲ.

ಮೇಲೆ ರೊಟ್ಟಿಯ ಸದ್ದು ಶುರುವಾಗಿತ್ತು. ಹೋಗಲೇಬೇಕಾಯಿತು. ಬಾಗಿಲು ತೆಗೆದವರು ಅವನ ಹೆಂಡತಿ, ಕೈಯಲ್ಲಿ ಕೆಂಪು ಪೆನ್ನು, ಉತ್ತರ ಪತ್ರಿಕೆಗಳ ಕಟ್ಟು.

"ಬರ್ರಿ ಅಣ್ಣಾರ. ಒಳಗ ಅದಾರ." ಆಮೇಲೆ ದನಿ ತಗ್ಗಿಸಿ, "ಮುಂಜಾನೆ ಶೇಂಗಾ ಹುರಿಯೂ ಮುಂದ ಕಿಟಕಿ ಎಲ್ಲಾ ತಗದು ಇಟ್ಟಿದ್ರು ನೋಡ್ರಿ. ವಾಸನಿ ಮನ್ಯಾಗ ನಿಲ್ಲಬಾರದು ಅಂತ. ನಾ ಹುರೀತೀನಿ ಅಂದರ ಕೇಳಲಿಲ್ಲ," ಎಂದರು. ಬೈದಿದ್ದರೆ ಚೆನ್ನಾಗಿತ್ತು.

ಅವನು ತಿರುಗಿ ನೋಡಲಿಲ್ಲ. ಹಲಗೆಯ ಮೇಲೆ ರೊಟ್ಟಿ ತಿರುಗುತ್ತಿತ್ತು, ಅಂಗೈ ಏರಿ ಇಳಿಯುತ್ತಿತ್ತು.

"ಬಂದ್ಯಾ? ಇನ್ಸ್‌ಪೆಕ್ಷನ್ ಸಾಹೇಬ. ನಾದಿನಿ ಮಗಳು ದೊಡ್ಡಾಕಿ ಆದವ ಎಲ್ಲಿ? ಭಕ್ತರು ಎಲ್ಲಿ?"

"ಯಾವಾಗ ಗೊತ್ತಾತು?"

"ಬಳ್ಳಾರಿ ಬಂದ ಹೇಳಿದಾಗ ಸಂಶೇ ಬಂತು. ಮೈಸೂರಿನವರು ಸಿಂಹಾಚಲ ಅಂದಾಗ ಖಾತ್ರಿ ಆತು. ಆ ಮನಶ್ಯಾ ನಮ್ಮ ಓಣಿ ಹನಮಪ್ಪನ ಗುಡಿ ಮೆಟ್ಟಲಾ ಹತ್ತಂಗಿಲ್ಲ, ಮಂಡಿ ನೋಯ್ತಾವು ಅಂತ. ಬೆಟ್ಟ ಹತ್ತತಾರ?" ರೊಟ್ಟಿಯನ್ನು ಹೆಂಚಿಗೆ ಹಾಕಿ, ಒದ್ದೆ ಅರಿವೆಯಿಂದ ನೀರು ಸವರಿದ. "ವೈಜಾಗದಾಗ ಬಿಯರ್ ಮಾಡಾಕತ್ಯಾರ ಅಂತ ಆ ವಿಡಿಯೊ ನನಗೂ ಬಂದಿತ್ತಲೇ. ನನಗೇನು ಫೋನ್ ಇಲ್ಲೇನು?"

ತಪ್ಪಾಯಿತು ಎಂದೆ. ಹೊಣೆ, ಲಿವರ್, ಒಂದು ಗುಟುಕು, ಎಂದು ಏನೇನೋ ಜೋಡಿಸಿದೆ. ಅವನು ಕೇಳುತ್ತಲೇ ಇನ್ನೊಂದು ಉಂಡೆ ನಾದಿದ.

"ನಾ ಒಲ್ಲೆ ಅಂತಿದ್ದೆ," ಎಂದ. "ಕೇಳಿದ್ರ ಒಲ್ಲೆ ಅಂತಿದ್ದೆ. ಅಷ್ಟ ಒಂದು ಮಾತು ನನ್ನ ಬಾಯಿಂದ ಬರಾಕ ಬಿಡಲಿಲ್ಲಲ್ಲಲೇ."

"ಹಂಗಾರ ಈಗ ಕೇಳ್ತೀನಿ. ಬಾ."

"ಒಲ್ಲೆ. ಹೋಗ್ ಬರ್ರಿ."

ಮೆಟ್ಟಿಲು ಇಳಿಯುವಾಗ ನನಗೆ ಆದದ್ದು ಸಂಕಟವಲ್ಲ. ಹಗುರ. ಕೇಳಿದ್ದೂ ಆಯಿತು, ಅವನು ಬೇಡ ಎಂದದ್ದೂ ಆಯಿತು, ತಪಾಸಣೆ ಮುಗಿದು ಮುದ್ರೆ ಬಿದ್ದ ಹಾಗೆ. ಈ ಹಗುರವನ್ನು ನೆನೆದರೆ ಈಗಲೂ ನನಗೆ ನನ್ನ ಮೇಲೆ ಅಸಹ್ಯ.

ಹೆಂಡತಿ ಅದನ್ನು ಮನೆ ಬಾಗಿಲಲ್ಲೇ ಹಿಡಿದಳು. "ಏನಂದ್ರು?"

"ಒಲ್ಲೆ ಅಂದ."

"ಎಷ್ಟ ಸಲ ಕೇಳಿದ್ರಿ?"

"ಒಂದ ಸಲ."

"ಒಂದ ಸಲ!" ಅವಳು ಸೊಂಟದ ಮೇಲೆ ಕೈ ಇಟ್ಟುಕೊಂಡಳು. "ಅವರ ಮನ್ಯಾಗ ಹೋಳಿಗಿ ಬಡಸೂ ಮುಂದ ನೀವು ಬ್ಯಾಡ ಬ್ಯಾಡ ಅಂತ ಎಲಿ ಮ್ಯಾಲ ಕೈ ಅಡ್ಡ ಹಿಡದಾಗ, ಅವರು ಒಂದ ಸಲ ಕೇಳಿ ಸುಮ್ಮನ ಹೋಗ್ತಾರೇನ್ರಿ? ಮೂರು ಸಲ ಒತ್ತಾಯ ಮಾಡಿ ಹಾಕಂಗಿಲ್ಲ? ಒಂದ ಸಲ ಕೇಳಿ ಬಂದದ್ದು ಕೇಳಿಧಂಗಲ್ಲ, ಕೈ ತೊಳಕೊಂಡು ಬಂಧಂಗ."

ಅವಳು ಹೇಳಿದ್ದು ಸರಿ. ನಮ್ಮ ಕಡೆ ಮೊದಲ ಬಾರಿಯ "ಒಲ್ಲೆ"ಗೆ ಅರ್ಥವೇ ಇಲ್ಲ, ಅದು ಮರ್ಯಾದೆಯ ಮಾತು. ಆಡಿದವನೂ ಅದನ್ನು ಲೆಕ್ಕಕ್ಕೆ ಹಿಡಿಯುವುದಿಲ್ಲ, ಕೇಳಿದವನೂ ಹಿಡಿಯಬಾರದು. ಇದು ಗೊತ್ತಿದ್ದೂ ಮೊದಲ "ಒಲ್ಲೆ"ಯನ್ನು ಬಾಚಿಕೊಂಡು ಓಡಿ ಬಂದಿದ್ದೆ. ಎರಡನೇ ಸಲ ಕೇಳಲು ನನಗೆ ನಿಜವಾಗಿ ಹೆದರಿಕೆ. ಹೂಂ ಎಂದುಬಿಟ್ಟರೆ?

ಮತ್ತೆ ಮೇಲೆ ಹೋದೆ. ಈ ಸಲ ಅವನು ರೊಟ್ಟಿ ಮುಗಿಸಿ ಕೈ ತೊಳೆಯುತ್ತಿದ್ದ.

"ಬಾ ಮಾರಾಯಾ ನಮ್ಮ ಕೂಡ. ಖರೇನ ಕೇಳಾಕತ್ತೀನಿ."

ಅವನು ಕೈ ಒರೆಸಿಕೊಂಡು ನನ್ನ ಮುಖವನ್ನೇ ನೋಡಿದ. "ನಾ ಹೂಂ ಅಂದರ ನಿನ್ನ ಎದಿ ಧಸಕ್ ಅಂತೈತೋ ಇಲ್ಲೋ? ಸುಳ್ಳ ಹೇಳಬ್ಯಾಡ. ಒಂದು ವಾರಕ್ಕ ಆಗೂವಷ್ಟು ಹೇಳೀದಿ."

"ಅಂತೈತಿ," ಎಂದೆ.

"ನಂದೂ ಅಂತೈತಿ." ಅವನು ಅಲ್ಲೇ ಕಟ್ಟೆಗೆ ಒರಗಿ ನಿಂತ. "ಸಮುದ್ರದ ಎದುರಿಗಿ ಆ ಸಣ್ಣ ಸಣ್ಣ ಗ್ಲಾಸ್ ಸಾಲಾಗಿ ಇಟ್ಟರ ನಾ ಏನ ಮಾಡ್ತೀನೋ ನನಗ ಗೊತ್ತಿಲ್ಲ. ಎರಡು ವರ್ಷ ಆತು, ಇನ್ನೂ ಗೊತ್ತಿಲ್ಲ. ಇದನ್ನ ನಿಮ್ಮ ಮುಂದ ಹೇಳಬೇಕಿತ್ತು ನನಗ. ನೀವು ನನ್ನ ಪಾಲಿನ ಅಂಜಿಕೀನೂ ನೀವ ಅಂಜಿ, ನನ್ನ ಪಾಲಿನ ಒಲ್ಲೆ ಅನ್ನೂದನ್ನೂ ನೀವ ಅಂದು ಮುಗಿಸಿಬಿಟ್ರಿ. ಮತ್ತ ನಾ ಯಾಕ ಇರಬೇಕು ನಿಮ್ಮ ನಡುವ? ರೊಟ್ಟಿ ಬಡಿಯಾಕೇನು?"

"ಇನ್ನೊಂದು ಸಲ ಕೇಳೂದು ಉಳದೈತಿ," ಎಂದೆ. "ಮೂರನೇದ್ದು. ಬರ್ತೀಯೇನು?"

ಅವನು ನಕ್ಕುಬಿಟ್ಟ. ಒಳಗಿನ ಕೋಣೆಯಲ್ಲಿ ಕೆಂಪು ಪೆನ್ನಿನ ಸದ್ದು ನಿಂತಿತು.

"ಬರ್ತೀನಿ," ಎಂದ. ನನ್ನ ಎದೆ ಧಸಕ್ ಎಂದಿತು. "ಒಂದು ಸ್ಟೇಷನ್ ಬರ್ತೀನಿ. ಬೇಗಂಪೇಟಿಯಿಂದ ಸಿಕಂದರಾಬಾದ್ ತನಕ. ಅಲ್ಲೆ ಇಳದು ಡ್ಯೂಟಿಗಿ ಹೋಗ್ತೀನಿ. ನಡೀತೈತಿಲ್ಲೋ? ಇಲ್ಲಾ ಅದಕ್ಕೂ ಮೂವರೂ ಮೀಟಿಂಗ್ ಮಾಡ್ತೀರೋ?"

ಮರುದಿನ ಬೆಳಿಗ್ಗೆ ಬೇಗಂಪೇಟೆಯ ಪ್ಲಾಟ್‌ಫಾರ್ಮಿನಲ್ಲಿ ನಾವು ಮೂವರು ತಪ್ಪಿತಸ್ಥ ಹುಡುಗರಂತೆ ಸಾಲಾಗಿ ನಿಂತಿದ್ದೆವು. ಅವನು ಕಾರ್ಖಾನೆಯ ಬ್ಯಾಡ್ಜು ಹಾಕಿಕೊಂಡೇ ಬಂದ. ಮೈಸೂರು ಅವನನ್ನು ಕಂಡ ಕೂಡಲೇ ಮುಂದೆ ಹೋಗಿ ಎರಡೂ ಕೈ ಹಿಡಿದುಕೊಂಡರು. "ತಪ್ಪಾಯ್ತು ಕಣ್ರೀ," ಎಂದರು.

"ನನಗ ಬ್ಯಾಡ, ಸಿಂಹಾಚಲದ ದೇವರಿಗಿ ಹೇಳ್ರಿ ಸರ," ಎಂದ ಬಿಜಾಪುರ. "ನಿಮ್ಮ ಹಾದಿ ಕಾಯಾಕತ್ತಿರತಾನ. ಕಾಯಿ ತಂದೀರಿಲ್ಲೋ?"

"ತಂದಿದೀನಿ. ಖಂಡಿತಾ ಒಡೆಸ್ತೀನಿ."

"ಬೆಟ್ಟಕ್ಕ ಬಸ್ ಐತಂತ. ಮಂಡಿ ನೆವ ಹೇಳಬ್ಯಾಡ್ರಿ."

ಗಾಡಿ ಬಂತು. ಅವನ ಹತ್ತಿರ ಸಾದಾ ಟಿಕೆಟ್, ನಾವು ಕೂತದ್ದು ಕಾದಿರಿಸಿದ ಡಬ್ಬಿ. ಟಿ.ಸಿ. ಬಂದರೆ ಏನು ಗತಿ ಎಂದು ನಾನು ಬಾಗಿಲ ಕಡೆಯೇ ನೋಡುತ್ತಿದ್ದೆ. "ಒಂದು ಸ್ಟೇಷನ್ನಿಗಿ ಗಲ್ಲಿಗೇರಸಂಗಿಲ್ಲ, ಕುಂದ್ರಲೇ," ಎಂದು ಅವನು ನನ್ನನ್ನು ಎಳೆದು ಕೂರಿಸಿದ. ಬಳ್ಳಾರಿಯ ಗಂಟು ಬಿಚ್ಚಿದ. ಗಾಡಿ ಹೊರಟು ಇನ್ನೂ ವೇಗ ಹಿಡಿಯುವ ಮೊದಲೇ ನಾಲ್ವರೂ ರೊಟ್ಟಿ ಮುರಿಯುತ್ತಿದ್ದೆವು. ಸಹಪ್ರಯಾಣಿಕರಿನ್ನೂ ಕಣ್ಣು ತಿಕ್ಕಿಕೊಳ್ಳುತ್ತಿದ್ದರು, ನಮ್ಮದು ಆಗಲೇ ಉಳ್ಳಾಗಡ್ಡಿ.

"ಹೇಳಪಾ, ಏನ ಏನ ಕುಡಿಯೂದು ಅಂತ ಬರೋಬರಿ ಹೇಳು," ಎಂದ. "ಮೊದಲ ಯಾವುದು?"

ನಾನು ಹೇಳಿದೆ. ಗೋದಿಯದು, ಆಮೇಲೆ ಕಹಿ, ಆಮೇಲೆ ಕರಿದು. ಅವನು ಊರಿನ ಸುದ್ದಿ ಕೇಳುವವನ ಹಾಗೆ ಕೇಳಿಸಿಕೊಂಡ. ಬಳ್ಳಾರಿ ಆ ಖಣವನ್ನು ಜೇಬಿನಿಂದ ತೆಗೆದು, "ಇದನ್ನೇನು ಮಾಡ್ಲಿ ಗುರೂ?" ಎಂದಾಗ, "ಯಾರಾದರೂ ಹುಡುಗಿ ದೊಡ್ಡಾಕಿ ಆಗೂತನಕ ಇಟಗೋ," ಎಂದ. ಶೇಂಗಾ ಪೊಟ್ಟಣ ಬಿಚ್ಚಿದಾಗ ಮಾತ್ರ ಅವನು ಕಿಟಕಿಯ ಕಡೆ ತಿರುಗಿದ. ನಾನದನ್ನು ಮತ್ತೆ ಸುತ್ತಿ ಚೀಲದ ತಳಕ್ಕೆ ಹಾಕಿದೆ.

ಸಿಕಂದರಾಬಾದ್ ಬಂದೇಬಿಟ್ಟಿತು. ಅವನು ಇಳಿದು ಕಿಟಕಿಯ ಹತ್ತಿರ ಬಂದು ನಿಂತ. ಹುಷಾರು, ನೀರು ಕುಡೀರಿ, ಅಂಥದ್ದೇನೂ ಹೇಳಲಿಲ್ಲ. "ಬಂದು ರುಚಿ ಹೆಂಗಿತ್ತು ಅಂತ ಹೇಳ್ರಿ. ಸುಳ್ಳ ಹೇಳಬ್ಯಾಡ್ರಿ," ಎಂದ.

ವಿಶಾಖಪಟ್ಟಣದ ಬಗ್ಗೆ ಹೆಚ್ಚು ಹೇಳಲಾರೆ. ಸಮುದ್ರ ಇತ್ತು. ಹಲಗೆ ಬಂತು, ಗ್ಲಾಸುಗಳು ಬಂದವು. ಮೈಸೂರು ಮರುದಿನ ಬೆಳಿಗ್ಗೆಯೇ ಬಸ್ಸಿನಲ್ಲಿ ಬೆಟ್ಟ ಹತ್ತಿ ಕಾಯಿ ಒಡೆಸಿ ಬಂದು, ಹಣೆಯ ಮೇಲಿನ ಕುಂಕುಮ ಅಳಿಸದೆಯೇ ಮೊದಲ ಗುಟುಕು ಕುಡಿದರು. ನಾನು ಪ್ರತಿ ಗ್ಲಾಸನ್ನೂ ಬಾಯಲ್ಲಿ ತಡೆದು ಹಿಡಿದು, ಇದನ್ನು ಅವನಿಗೆ ಹೇಗೆ ಹೇಳುವುದು ಎಂದು ಯೋಚಿಸಿದೆ. ಆ ಚಿಂತೆಯ ನಡುವೆಯೂ ಅದು ರುಚಿಯಾಗಿತ್ತು. ಅದೇ ತೊಂದರೆ.

ಮರಳಿ ಬಂದ ಸಂಜೆ, ಮೇಲಿನ ಸದ್ದು ಶುರುವಾಗುವುದನ್ನೇ ಕಾದು ಮೆಟ್ಟಿಲು ಹತ್ತಿದೆ. ಅವನು ಉಂಡೆ ಮಾಡುತ್ತಿದ್ದ.

"ಹೆಂಗಿತ್ತು?"

"ಅಷ್ಟೇನು ಚಲೋ ಇರಲಿಲ್ಲ ಬಿಡೋ," ಎಂದೆ. "ನಮ್ಮ ಮಾಳಗಿ ಮ್ಯಾಲಿನದ ಭೇಷಿತ್ತು."

ರೊಟ್ಟಿಯ ಮೇಲೆ ಅವನ ಅಂಗೈ ನಿಂತಿತು. ಅವನು ತಲೆಯೆತ್ತಿ ನನ್ನನ್ನು ನೋಡಿದ. ಸಿಟ್ಟಿರಲಿಲ್ಲ, ಕಾಯುತ್ತಿದ್ದ, ಅಷ್ಟೇ. ಸಿಕಂದರಾಬಾದಿನ ಕಿಟಕಿಯಾಚೆ ಅವನು ಕೇಳಿದ್ದು ಒಂದೇ. ಅದನ್ನೂ ಒಳಗೆ ಬರುತ್ತಲೇ ಕೆಡಿಸಿಬಿಟ್ಟಿದ್ದೆ.

"ಭಾಳ ಚಲೋ ಇತ್ತು," ಎಂದೆ.

"ಹಂಗ ಹೇಳು." ಅಂಗೈ ಮತ್ತೆ ಏಳತೊಡಗಿತು. "ಗೋದಿದು ಹೆಂಗಿತ್ತು?"

ಹೇಳಿದೆ. ಮೂಗಿನ ಹತ್ತಿರ ತಂದರೆ ಬಾಳೆಹಣ್ಣಿನ ವಾಸನೆ, ನಾಲಿಗೆಯ ಮೇಲೆ ತೆಳ್ಳಗೆ, ಕೊನೆಯಲ್ಲಿ ಲವಂಗ ಕಡಿದ ಹಾಗೆ. ಅವನು ರೊಟ್ಟಿಯನ್ನು ಹೆಂಚಿಗೆ ಹಾಕಿ, ಮತ್ತೆ? ಎಂದ. ಕಹಿಯದನ್ನು ಹೇಳಿದೆ. ಮತ್ತೆ? ಎಂದ. ಗಾಳಿ ಹೇಗಿತ್ತು, ಮೇಜಿನಿಂದ ನೀರು ಎಷ್ಟು ದೂರ, ಅಲೆಯ ಸದ್ದಿಗೆ ಮಾತು ಕೇಳುತ್ತಿತ್ತೋ ಇಲ್ಲವೋ, ಎಲ್ಲ ಕೇಳಿದ. ಕರಿಯದರ ಹೊತ್ತಿಗೆ ಹೆಂಚಿನ ಮೇಲಿನದು ಕಪ್ಪಗಾಗಿ ಹೊಗೆ ಎದ್ದಿತು. ಒಳಗಿನಿಂದ ಅವನ ಹೆಂಡತಿ, "ಸೀದ ವಾಸನಿ ಬರಾಕತ್ತೇತ್ರಿ!" ಎಂದು ಕೂಗಿದರು.

ಅವನು ಅದನ್ನು ಚಿಮಟದಿಂದ ಎತ್ತಿ ಬದಿಗೆ ಎಸೆದು, ಹೊಸ ಉಂಡೆ ತೆಗೆದುಕೊಂಡು, "ಹೂಂ, ಮುಂದ?" ಎಂದ.

ಮುಂದಿನದನ್ನು ಹೇಳುತ್ತ, ಆ ಸೀದ ರೊಟ್ಟಿಯನ್ನು ನಾನೇ ಮುರಿದುಕೊಂಡು ತಿಂದೆ.